ಬರಂಗಿಲ್ಲ

ಸೋಮವಾರ ಬೆಳಿಗ್ಗೆ ಸತ್ಯಪ್ರಕಾಶ ಕಚೇರಿಗೆ ಬಂದಾಗ ಅವನ ಮೇಜಿನ ಮೇಲೆ ಒಂದು ಡೋಲು ಇತ್ತು. ಕಂಪ್ಯೂಟರಿನ ಕೀಬೋರ್ಡನ್ನು ಯಾರೋ ಮೂಲೆಗೆ ತಳ್ಳಿದ್ದರು. ಡೋಲಿನ ಪಟ್ಟಿಯ ತುದಿ ಶನಿವಾರದ ಚಹಾ ಲೋಟದೊಳಗೆ ಬಿದ್ದು ನೆನೆದಿತ್ತು.

ಕಂದಾಯ ಶಾಖೆಯಲ್ಲಿ ಆಗಲೇ ಆರು ಜನ ಬಂದು ಕೂತಿದ್ದರು. ಯಾರೂ ತಲೆ ಎತ್ತಲಿಲ್ಲ. ಬೇರೆ ದಿನವಾಗಿದ್ದರೆ ಒಬ್ಬರಾದರೂ 'ಕೇಮ್ ಛೋ' ಎಂದು ಕುಶಲ ಕೇಳುತ್ತಿದ್ದರು. ಡೋಲು ತಪ್ಪಿ ತನ್ನ ಮೇಜಿಗೆ ಬಂದದ್ದಲ್ಲ ಎಂದು ಅವನಿಗೆ ಗೊತ್ತಾದದ್ದು ಆ ಬಗ್ಗಿದ ತಲೆಗಳಿಂದ.

"ಇದು ಯಾರದು ರಾಕೇಶ್‌ಭಾಯಿ?"

ರಾಕೇಶ್ ಶಾಖೆಯ ಜವಾನ. ನಲವತ್ತು ದಾಟಿದವನು. ತಾಯಿ ಇದೇ ನಗರಪಾಲಿಕೆಯಲ್ಲಿ ಕಸ ಗುಡಿಸುತ್ತಾಳೆ. ಮಧ್ಯಾಹ್ನ ಸತ್ಯಪ್ರಕಾಶನ ಎದುರು ಕೂತು ಡಬ್ಬಿ ಬಿಚ್ಚುವವನು ಇಡೀ ಕಚೇರಿಯಲ್ಲಿ ಅವನೊಬ್ಬನೇ. ಅವನು ಕಿಟಕಿಯ ಕಡೆ ನೋಡುತ್ತ, "ನಿಮ್ಮದೇ ಸತ್ಯಾಭಾಯಿ. ಶೇಷಾದ್ರಿ ಸಾಹೇಬರು ಇಡಿಸಿದ್ದು" ಎಂದ.

ವೀರಜಪುರಾ ವಡೋದರಾದ ಅಂಚಿನ ಊರು. ಗೋರ್ವಾ ದಾಟಿ, ಕಾರ್ಖಾನೆಗಳ ಗೋಡೆ ಮುಗಿದ ಮೇಲೆ ಸಿಗುತ್ತದೆ. ಅಲ್ಲಿನ ನಗರಪಾಲಿಕೆಗೆ ಆ ವರ್ಷ ಹನ್ನೊಂದು ಕೋಟಿ ಕೊರತೆ. ಜಕಾತಿ ಎಂದೋ ನಿಂತಿತ್ತು. ಅದರ ಬದಲಿಗೆಂದು ಬರುವ ಸರ್ಕಾರದ ಹಣ ತಡವಾಗಿ ಬರುತ್ತಿತ್ತು, ಬಂದರೂ ಅರ್ಧ. ಬೀದಿದೀಪದ ಬಿಲ್ಲು ಕಟ್ಟಿರಲಿಲ್ಲ. ಕಸ ಗುಡಿಸುವವರಿಗೆ ನಾಲ್ಕು ತಿಂಗಳಿಂದ ಸಂಬಳ ಇರಲಿಲ್ಲ. ಆದಾಯ ಹೆಚ್ಚಿಸುವ ದಾರಿ ಹೇಳಲಿಕ್ಕೆ ಒಬ್ಬ ಸಲಹೆಗಾರರನ್ನು ತಂದರು. ಅವರ ಸಂಬಳ ಮಾತ್ರ ಒಂದನೇ ತಾರೀಕಿಗೆ ಆಗುತ್ತಿತ್ತು.

ಆ ಸಲಹೆಗಾರರೇ ಶೇಷಾದ್ರಿ. ಮೈಸೂರಿನವರು. ಬ್ಯಾಂಕಿನ ಕೆಲಸದಲ್ಲಿ ಸೂರತ್, ಅಹಮದಾಬಾದ್ ಎಂದು ಗುಜರಾತಿನಲ್ಲೇ ಇಪ್ಪತ್ತು ವರ್ಷ ಕಳೆದು ನಿವೃತ್ತರಾದವರು. ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಸ್ವಂತ ಫ್ಲ್ಯಾಟು, ದಿನಾ ಅಲ್ಲಿಂದಲೇ ರೈಲಿನಲ್ಲಿ ಓಡಾಟ. ಮೆಲ್ಲಗೆ ಮಾತಾಡುವ ಮನುಷ್ಯ. ಯಾರನ್ನೂ ಗದರಿದ್ದನ್ನು ಶಾಖೆಯವರು ಕೇಳಿರಲಿಲ್ಲ.

ಸಾಮಾನ್ಯ ಸಭೆಯಲ್ಲಿ ಅವರು ಪರದೆ ಇಳಿಸಿ ತಮ್ಮ ದಾರಿಗಳನ್ನು ತೋರಿಸಿದರು. ಆ ಪುಟಗಳನ್ನು ಟೈಪು ಮಾಡಿದವನು ಸತ್ಯಪ್ರಕಾಶ. ಪುಟ ತಿರುಗಿಸಲು ಅವನೇ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ದೊಡ್ಡ ಕಾರ್ಖಾನೆಗಳ ಬಾಕಿ ವಸೂಲಾದರೆ ಕೊರತೆಯ ಅರ್ಧ ತೀರುತ್ತದೆ ಎಂದರು ಶೇಷಾದ್ರಿ. ಕೋರ್ಟಿನಿಂದ ತಡೆ ಇದೆ, ಮುಂದಿನ ಪುಟ ಎಂದರು ಅಧ್ಯಕ್ಷರು. ಮದುವೆಗೆ ಬಾಡಿಗೆ ಕೊಡುವ ಪಾರ್ಟಿ ಪ್ಲಾಟುಗಳಿಗೆ ವ್ಯಾಪಾರದ ದರ ಹಾಕಬಹುದು ಎಂದರು. ಆ ಪ್ಲಾಟುಗಳಲ್ಲಿ ಮೂರು ಸದಸ್ಯರವೇ. ಮುಂದಿನ ಪುಟ. ಖಾಲಿ ಬಿದ್ದ ಬಿಲ್ಡರ್ ನಿವೇಶನಗಳು. ಒಬ್ಬರು ಕೆಮ್ಮಿದರು. ಮುಂದಿನ ಪುಟ. ಕಡೆಗೆ ಒಂದೇ ಒಂದು ಸಾಲು ಉಳಿಯಿತು. ಐವತ್ತು ಸಾವಿರಕ್ಕಿಂತ ಕಡಿಮೆ ಬಾಕಿ ಇರುವ ಮನೆಗಳ ಮುಂದೆ ಡೋಲು ಬಾರಿಸಿ ಹೆಸರು ಕೂಗುವುದು. ಎಲ್ಲರೂ ಕೈ ಎತ್ತಿದರು.

ಸಭೆ ಮುಗಿದ ಮೇಲೆ ವೈರು ಸುತ್ತುತ್ತ ಸತ್ಯಪ್ರಕಾಶ ಕೇಳಿದ್ದ. "ಐವತ್ತು ಸಾವಿರಕ್ಕಿಂತ ಕಡಿಮಿ ಇದ್ದೋರಿಗೇ ಯಾಕ್ರಿ ಸರ್?"

"ಅದಕ್ಕಿಂತ ಮೇಲಿರೋರಿಗೆ ಲಾಯರ್ ಇರ್ತಾರೆ, ಸತ್ಯಪ್ರಕಾಶ್ ಅವರೇ. ನಾಚಿಕೆ ಇರೋಲ್ಲ. ನಾಚಿಕೆ ಇರೋದು ಸಣ್ಣವರ ಹತ್ರ. ಅದನ್ನ ವಸೂಲಿ ಮಾಡೋಕೆ ನಮಗೆ ಖರ್ಚೂ ಇಲ್ಲ."

ಆಗ ಅವನಿನ್ನೂ 'ಸತ್ಯಪ್ರಕಾಶ್ ಅವರೇ' ಆಗಿದ್ದ.

ಶೇಷಾದ್ರಿ ಬಂದ ಮೊದಲ ವಾರವೇ ಅವನು ಫೋನಿನಲ್ಲಿ ಹೆಂಡತಿ ಪದ್ಮಾಳೊಂದಿಗೆ ಮಾತಾಡಿದ್ದು ಅವರ ಕಿವಿಗೆ ಬಿದ್ದಿತ್ತು. "ಓಹೋ, ನಮ್ಮವರು" ಎಂದು ನಿಂತೇಬಿಟ್ಟಿದ್ದರು. "ಯಾವ ಕಡೆ?"

"ಹುನಗುಂದದ ಕಡೆರಿ. ಅಪ್ಪ ರೈಲ್ವೇದಾಗ ಇದ್ದ. ನಾ ಹುಟ್ಟಿದ್ದೂ ಬೆಳೆದದ್ದೂ ಇಲ್ಲೇರಿ."

"ಎಲ್ಲಿ ಹುಟ್ಟಿದ್ರೇನು. ಈ ಊರಲ್ಲಿ ಕನ್ನಡ ಕೇಳಿಸ್ತಲ್ಲ, ನಮ್ಮವರು ಅಂದ್ರೆ ಆಯ್ತು."

ಮರುದಿನ ಅವರ ಹೆಂಡತಿ ನಳಿನಿಯವರು ಕಳಿಸಿದ ಚಟ್ನಿಪುಡಿ ಒಂದು ಸ್ಟೀಲ್ ಡಬ್ಬಿಯಲ್ಲಿ ಬಂತು. ಪದ್ಮಾ ಆ ಡಬ್ಬಿಯನ್ನು ತೊಳೆದು, ತಮ್ಮ ಕಡೆಯ ಚಟ್ನಿಪುಡಿ, ಶೇಂಗಾ ಹಿಂಡಿ ತುಂಬಿ ಕಳಿಸಿದಳು. ಡಬ್ಬಿ ಹಾಗೆ ನಾಲ್ಕೈದು ಸಲ ಹೋಗಿ ಬಂತು. ನಮ್ಮವರು ಎನ್ನುವ ಮಾತನ್ನು ಸತ್ಯಪ್ರಕಾಶ ಮನೆಗೆ ಹೋಗುವ ಬಸ್ಸಿನಲ್ಲಿ ಮನಸ್ಸಿನಲ್ಲೇ ಹೇಳಿಕೊಂಡು ನೋಡುತ್ತಿದ್ದ. ಮೂವತ್ತೈದು ವರ್ಷದಲ್ಲಿ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಅಷ್ಟರಲ್ಲಿ ಗುಮಾಸ್ತರ ಎರಡು ಕಾಯಂ ಹುದ್ದೆಗೆ ಅರ್ಜಿ ಕರೆದರು. ಒಂದು ಪರಿಶಿಷ್ಟ ಜಾತಿಗೆ ಮೀಸಲು. ಸತ್ಯಪ್ರಕಾಶ ಬಿ.ಕಾಂ. ಮಾಡಿದವನು. ಆರು ವರ್ಷದಿಂದ ಹನ್ನೊಂದು ಹನ್ನೊಂದು ತಿಂಗಳ ಗುತ್ತಿಗೆಯಲ್ಲಿ ತೆರಿಗೆಯ ಪಟ್ಟಿ ತುಂಬುತ್ತಿದ್ದ. ಪ್ರತಿ ಮಾರ್ಚ್ ಮೂವತ್ತೊಂದಕ್ಕೆ ಅವನ ಕೆಲಸ ಸಾಯುತ್ತಿತ್ತು. ಏಪ್ರಿಲ್‌ನಲ್ಲಿ ಯಾರಾದರೂ ದೊಡ್ಡ ಮನಸ್ಸು ಮಾಡಿದರೆ ಮೇ ಒಂದಕ್ಕೆ ಮತ್ತೆ ಹುಟ್ಟುತ್ತಿತ್ತು. ಅಪ್ಪನ ಟ್ರಂಕಿನ ತಳದಲ್ಲಿ ಒಂದು ಜಾತಿ ಪ್ರಮಾಣಪತ್ರ ಇತ್ತು. ಊರಿನ ತಹಸೀಲ್ದಾರ ಕಚೇರಿಯದು. ಕನ್ನಡದಲ್ಲಿತ್ತು. ಸತ್ಯಪ್ರಕಾಶ ಓದಿದ್ದು ಗುಜರಾತಿ ಶಾಲೆಯಲ್ಲಿ. ಕನ್ನಡ ಆಡುತ್ತಿದ್ದ, ಓದಲಾರ. ಆ ಕಾಗದದಲ್ಲಿ ಅವನಿಗೆ ಗುರುತು ಸಿಗುತ್ತಿದ್ದದ್ದು ತನ್ನ ಹೆಸರು ಮತ್ತು ಒಂದು ದುಂಡನೆಯ ಮುದ್ರೆ.

ಅದನ್ನು ಇಂಗ್ಲಿಷಿಗೆ ಇಳಿಸಿ ಸಹಿ ಹಾಕಿಸಿ ತರಬೇಕು ಎಂದರು. ಕಚೇರಿಯಲ್ಲಿ ಕನ್ನಡ ಓದಬಲ್ಲವರು ಒಬ್ಬರೇ. ಅವನು ಖುಷಿಯಿಂದಲೇ ಹೋದ. ಅದೇ ಅವನು ಮಾಡಿದ ತಪ್ಪು.

"ಸರ್, ಇದರಾಗ ಏನೈತಿ ಓದಿ ಹೇಳ್ರಿ."

ಶೇಷಾದ್ರಿ ಕನ್ನಡಕ ಏರಿಸಿದರು. ನಾಲ್ಕು ಸಾಲಿನ ಕಾಗದ. ಅದನ್ನು ಓದಲು ಅಷ್ಟು ಹೊತ್ತು ಬೇಕಿರಲಿಲ್ಲ. ಸತ್ಯಪ್ರಕಾಶ ನಿಂತೇ ಇದ್ದ.

"ಮಾದರ ಅಂತ ಇದೆ" ಎಂದರು.

"ಹೌದ್ರಿ."

"ಹ್ಞೂ."

ಅವರು ಇಂಗ್ಲಿಷಿಗೆ ಇಳಿಸಿಕೊಟ್ಟರು. ಒಳ್ಳೆಯ ಅಕ್ಷರದಲ್ಲಿ, ಒಂದು ತಪ್ಪೂ ಇಲ್ಲದೆ. ಕಾಗದವನ್ನು ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟು, ಎರಡು ಬೆರಳಿನಿಂದ ಅವನ ಕಡೆ ಸರಿಸಿದರು.

ವಾರ ಕಳೆದು ಉತ್ತರ ಬಂತು. ಪ್ರಮಾಣಪತ್ರ ಕರ್ನಾಟಕದ್ದು. ವಲಸೆ ಬಂದವರಿಗೆ ಗುಜರಾತಿನ ಮೀಸಲು ಹುದ್ದೆಗೆ ಇದು ನಡೆಯುವುದಿಲ್ಲ. ಇಲ್ಲಿ ಅರ್ಜಿದಾರನನ್ನು ಸಾಮಾನ್ಯ ವರ್ಗ ಎಂದೇ ಎಣಿಸತಕ್ಕದ್ದು. ಸತ್ಯಪ್ರಕಾಶ ಆ ಸಾಲನ್ನು ಮೂರು ಸಲ ಓದಿದ. ರೈಲು ಹತ್ತಿ ಒಂದು ಗಡಿ ದಾಟಿದ್ದಕ್ಕೆ ಅವನ ಅಪ್ಪ ಸಾಮಾನ್ಯ ವರ್ಗದವನಾಗಿದ್ದ.

ಅದೇ ದಿನ ನಳಿನಿಯವರ ಸ್ಟೀಲ್ ಡಬ್ಬಿಯನ್ನು ಹಿಂದಿರುಗಿಸಲು ಹೋದ. ಪದ್ಮಾ ಅದರಲ್ಲಿ ಅಗಸಿ ಹಿಂಡಿ ತುಂಬಿದ್ದಳು. ಶೇಷಾದ್ರಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಡಬ್ಬಿ ನೀನೇ ಇಟ್ಕೊಳ್ಳಯ್ಯಾ. ಮನೇಲಿ ಬೇಕಾದಷ್ಟಿವೆ" ಎಂದರು.

ನೀವು ಎಂಬುದು ನೀನು ಆದದ್ದು ಹೀಗೆ. ಸದ್ದಿಲ್ಲದೆ.

ಆ ಸೋಮವಾರ ಅವನು ಡೋಲನ್ನು ಮುಟ್ಟದೆ ನೇರ ಅವರ ಕೋಣೆಗೆ ಹೋದ.

"ಸರ್, ಆ ಡೋಲು."

"ಹೋದ ನವರಾತ್ರಿಗೆ ನಗರಪಾಲಿಕೆಯಿಂದ ಕರೆಸಿದ ಡೋಲಿನವರಿಗೆ ಇನ್ನೂ ದುಡ್ಡು ಕೊಟ್ಟಿಲ್ಲ. ಬರಲ್ಲ ಅಂತ ಕೂತಿದ್ದಾರೆ. ಈ ತಿಂಗಳೆಲ್ಲ ನೀನು ನೋಡ್ಕೋ. ಚೀಫ್ ಆಫೀಸರ್‌ಗೂ ಹೇಳಿದ್ದೀನಿ."

"ನನಗ ಬರಂಗಿಲ್ರಿ ಸರ್."

"ಏನು ಬರಲ್ಲ?"

"ಬಾರಸಾಕ ಬರಂಗಿಲ್ರಿ. ನಾ ಎಂದೂ ಮುಟ್ಟಿದವನಲ್ಲ."

ಶೇಷಾದ್ರಿ ನಕ್ಕರು. ಕೆಟ್ಟ ನಗೆಯಲ್ಲ. ಮಗುವಿಗೆ ಈಜು ಕಲಿಸುವವನ ನಗೆ. "ಬರುತ್ತೆ ಕಣಯ್ಯಾ. ನಿಮ್ಮವರಿಗೆ ಅದು ಕಲಿಯೋ ವಿದ್ಯೆಯಾ? ಕೈಯಲ್ಲೇ ಇರುತ್ತೆ."

ನಿಮ್ಮವರಿಗೆ. ಆ ಮಾತು ಕೋಣೆಯಲ್ಲಿ ಉಳಿಯಿತು.

"ನಮ್ಮ ಕಾಗದ ಇಲ್ಲಿ ನಡಿಯಂಗಿಲ್ಲ ಅಂತ ಬರದಾರಲ್ರಿ ಸರ್" ಎಂದ ಸತ್ಯಪ್ರಕಾಶ. ಸ್ವರ ಏರಲಿಲ್ಲ. ಏರಿಸಲು ಅವನಿಗೆ ಯಾರೂ ಕಲಿಸಿರಲಿಲ್ಲ.

"ಹುದ್ದೆಗೆ ನಡೆಯೋಲ್ಲ. ಅದು ಕಾನೂನು. ಇದು ಆಫೀಸಿನ ಅನುಕೂಲ. ಎರಡನ್ನೂ ಸೇರಿಸಬೇಡ." ಅವರು ಒಂದು ಹಾಳೆಯನ್ನು ನೇರ ಮಾಡಿಟ್ಟರು. "ಮೂವತ್ತೊಂದಕ್ಕೆ ಗುತ್ತಿಗೆಯವರ ಪಟ್ಟಿ ನಾನೇ ಕಳಿಸಬೇಕು. ನಿನ್ನ ಹೆಸರು ಅದರಲ್ಲಿ ಇರಲಿ ಅಂತ ನನಗೂ ಆಸೆ. ಹೋಗು, ಪ್ರಮೋದ್ ಕಾಯ್ತಿದ್ದಾನೆ."

ಹುದ್ದೆಗೆ ನಡೆಯದ ಕಾಗದ ಡೋಲಿಗೆ ನಡೆಯಿತು.

ವಸೂಲಿ ಇನ್‌ಸ್ಪೆಕ್ಟರ್ ಪ್ರಮೋದ್‌ಭಾಯಿ ಮುಂದೆ, ಕೈಯಲ್ಲಿ ಪಟ್ಟಿ ಮತ್ತು ಧ್ವನಿವರ್ಧಕ. ಹಿಂದೆ ಪ್ಲಂಬರು, ನಲ್ಲಿ ಕಡಿಯಲಿಕ್ಕೆ. ರಾಕೇಶ್ ಮೊಬೈಲಿನಲ್ಲಿ ವೀಡಿಯೊ ತೆಗೆಯುವವನು. ನಡುವೆ ಡೋಲು ಹೊತ್ತ ಸತ್ಯಪ್ರಕಾಶ. ಡೋಲಿನ ಪಟ್ಟಿ ಕತ್ತಿಗೆ ಬಿತ್ತು. ಎಂಟು ಕಿಲೋ ಇರಬೇಕು. ಹತ್ತು ಹೆಜ್ಜೆಗೆ ಅದು ಮೊಣಕಾಲಿಗೆ ಬಡಿಯುತ್ತಿತ್ತು.

ಮೊದಲ ಮನೆ ಬಟ್ಟೆ ಹೊಲಿಯುವವನದು. ಸತ್ಯಪ್ರಕಾಶ ಕೋಲು ಎತ್ತಿದ. ಹೇಗೆ ಹಿಡಿಯಬೇಕೆಂದು ತಿಳಿಯದು. ಚಪಾತಿ ಲಟ್ಟಿಸುವ ಕೋಲು ಹಿಡಿದಂತೆ ಹಿಡಿದು ಹೊಡೆದ. ಡಬ್ ಎಂದಿತು. ಮತ್ತೊಂದು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿರಲಿಲ್ಲ. ಒಳಗಿನಿಂದ ಒಬ್ಬಳು ಮುದುಕಿ ನಗುತ್ತ ಹೊರಗೆ ಬಂದಳು. ಆ ಊರಲ್ಲಿ ಡೋಲು ಎಂದರೆ ಮದುವೆ, ಡೋಲು ಎಂದರೆ ನವರಾತ್ರಿ. ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತ, "ಯಾರ ಮದುವೆ ಮಗಾ?" ಎಂದಳು.

ಪ್ರಮೋದ್‌ಭಾಯಿ ಧ್ವನಿವರ್ಧಕದಲ್ಲಿ ಅವಳ ಮಗನ ಹೆಸರು ಕೂಗಿದ. ಏಳು ಸಾವಿರದ ಇನ್ನೂರು, ಮೂರು ವರ್ಷ, ಬಾಕಿದಾರ ಎಂದ. ಮುದುಕಿಯ ನಗು ಒಮ್ಮೆಲೇ ಹೋಗಲಿಲ್ಲ. ಬಾಯಿ ಹಾಗೇ ತೆರೆದಿತ್ತು, ಕಣ್ಣು ಮೊದಲು ಸತ್ತಿತು. ಆ ಮುಖವನ್ನು ಸತ್ಯಪ್ರಕಾಶ ಒಂದು ಮೊಳ ದೂರದಿಂದ ನೋಡಿದ. ರಾಕೇಶ್ ಅದನ್ನು ಮೊಬೈಲಿನಲ್ಲಿ ತೆಗೆದ.

ಆ ದಿನ ಇಪ್ಪತ್ತಾರು ಮನೆ. ಮಾರನೇ ದಿನ ಮೂವತ್ತೊಂದು. ನಡುವೆ ಒಂದು ಬಣ್ಣದ ಕಾರ್ಖಾನೆಯ ಗೋಡೆ ಅರ್ಧ ಕಿಲೋಮೀಟರು ಉದ್ದ ಇತ್ತು. ಅದರ ಬಾಕಿ ಎರಡು ಕೋಟಿ ನಲವತ್ತು ಲಕ್ಷ. ಆ ಅಂಕಿಯನ್ನು ಕಂಪ್ಯೂಟರಿಗೆ ಹಾಕಿದವನು ಅವನೇ. ಆ ಗೋಡೆಯ ಪಕ್ಕ ನಡೆಯುವಾಗ ಪ್ರಮೋದ್‌ಭಾಯಿ ತಿರುಗಿ ಹೇಳಿದ. "ಕೋಲು ಜೇಬಿನಲ್ಲಿ ಇಟ್ಕೋ ಸತ್ಯಾಭಾಯಿ. ಅಪ್ಪಿತಪ್ಪಿ ತಾಗಿ ಸದ್ದಾದರೆ ಸೇಠ್ ಫೋನು ಮಾಡ್ತಾರೆ."

ಯಾರೋ ಹುಡುಗರು ಹಿಂದೆ ಬಂದು ಕುಣಿದರು. ಯಾರೋ ಒಬ್ಬ, "ಅಣ್ಣ, ನಿನಗಿಂತ ನನ್ನ ವಾಷಿಂಗ್ ಮೆಷಿನ್ ಚೆನ್ನಾಗಿ ಬಾರಿಸುತ್ತೆ" ಎಂದ. ಎಲ್ಲರೂ ನಕ್ಕರು. ಬಾಕಿದಾರನೂ ನಕ್ಕ. ಸತ್ಯಪ್ರಕಾಶನಿಗೆ ಅದೇ ಒಂದು ಸಮಾಧಾನ. ಬಾರಿಸಲು ಬರುವುದಿಲ್ಲ ಎಂದು ಬೀದಿಗೆಲ್ಲ ಗೊತ್ತಾಗಲಿ. ಕೈಯಲ್ಲಿ ಇಲ್ಲ. ರಕ್ತದಲ್ಲಿ ಇಲ್ಲ. ಕೇಳಿಸಿಕೊಳ್ಳಿ.

ಆದರೆ ಎರಡನೇ ದಿನ ಮಧ್ಯಾಹ್ನ ಏನೋ ಆಯಿತು. ತೋಳು ಸೋತು ಸತ್ತಿತ್ತು. ಯೋಚನೆ ನಿಂತಿತ್ತು. ಕೈ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಆಗ ಪ್ರಮೋದ್‌ಭಾಯಿ, "ನೋಡು, ಈಗ ಬಂತು" ಎಂದ.

ಸತ್ಯಪ್ರಕಾಶ ಕಿವಿಗೊಟ್ಟ. ಎರಡು ಪೆಟ್ಟು, ಒಂದು ತಡೆ. ಎರಡು ಪೆಟ್ಟು, ಒಂದು ತಡೆ. ಎಲ್ಲಿಯದು ಇದು? ಹತ್ತು ವರ್ಷದವನಿದ್ದಾಗ ಒಂದೇ ಒಂದು ಸಲ ಊರಿಗೆ ಹೋಗಿದ್ದ. ಅಜ್ಜ ಸತ್ತಿದ್ದ. ಅಜ್ಜನ ಹೆಣದ ಮುಂದೆ ಚಿಕ್ಕಪ್ಪಂದಿರು ಹಲಗೆ ಬಾರಿಸುತ್ತ ನಡೆದಿದ್ದರು. ಎರಡು ಪೆಟ್ಟು, ಒಂದು ತಡೆ. ಅದು ಸಾವಿನ ಬಡಿತ. ಅವನ ಮೈಯಲ್ಲಿ ಇದ್ದದ್ದು ಅದೊಂದೇ. ಈ ಬೀದಿಯಲ್ಲಿ ಅದು ಯಾರಿಗೂ ತಿಳಿಯದು. ಬದುಕಿರುವ ಜನರ ಮನೆ ಮುಂದೆ ಅವನು ಹೆಣದ ಬಡಿತ ಬಾರಿಸುತ್ತಿದ್ದ.

ಅವನು ಕೈ ನಿಲ್ಲಿಸಿದ. ಶೇಷಾದ್ರಿ ಹೇಳಿದ್ದು ನಿಜವಾದರೆ?

ಮನೆ ಎಂದರೆ ವೀರಜಪುರಾದ ಹಿಂದಿನ ಸಾಲಿನಲ್ಲಿ ಎರಡು ಕೋಣೆ. ಅಪ್ಪ ಯಮನಪ್ಪ ರೈಲ್ವೆಯ ಹಳಿ ಗ್ಯಾಂಗಿನಲ್ಲಿ ಮೂವತ್ತಾರು ವರ್ಷ ದುಡಿದು, ನಿವೃತ್ತಿಯ ಹಣದಲ್ಲಿ ಕಟ್ಟಿದ್ದು. ಹಳಿಯ ಪಕ್ಕದಲ್ಲೇ ಬಾಳಿ ಅವನ ಕಿವಿ ಹೋಗಿತ್ತು. ಬದಲಿಗೆ ಅಂಗೈ ಉಳಿದಿತ್ತು. ಗ್ಯಾಂಗಿನವರು ಹಳಿಯ ಮೇಲೆ ಅಂಗೈ ಇಟ್ಟು ಗಾಡಿ ಬರುತ್ತದೋ ಇಲ್ಲವೋ ಹೇಳುತ್ತಿದ್ದರು. "ಬರಾಕತ್ತೈತಿ" ಎಂದರೆ ಎಲ್ಲರೂ ಸರಿಯಬೇಕು. "ಏನೂ ಬರವಲ್ದು" ಎಂದರೆ ಕೆಲಸ ಮುಂದುವರಿಸಬಹುದು. ಈಗ ಆ ಅಂಗೈಯನ್ನು ಗೋಡೆಯ ಮೇಲೆ ಇಟ್ಟು ಬಾಗಿಲು ಬಡಿದದ್ದನ್ನು, ಪಕ್ಕದ ಮನೆಯಲ್ಲಿ ಒಣಮೆಣಸು ಕುಟ್ಟಿದ್ದನ್ನು ತಿಳಿಯುತ್ತಿದ್ದ.

ಹತ್ತೊಂಬತ್ತರ ವಯಸ್ಸಿನಲ್ಲಿ ಹಲಗೆಯನ್ನು ಊರ ಅಗಸಿ ಬಾಗಿಲಿನ ಕಟ್ಟೆಯ ಮೇಲೆ ಇಟ್ಟು ರೈಲು ಹತ್ತಿದವನು ಯಮನಪ್ಪ. ಜ್ವರ ಬಂದ ಮೈಯಲ್ಲಿ ಗೌಡರ ಹೆಣದ ಮುಂದೆ ಎರಡು ಹೊತ್ತು ಬಾರಿಸಿ ಬಿದ್ದಿದ್ದ. ಎಬ್ಬಿಸಲು ಯಾರೂ ಮುಟ್ಟಿರಲಿಲ್ಲ. ಮಗ ಹುಟ್ಟಿದಾಗ ಹಳಿ ತಪಾಸಣೆಗೆ ಬರುತ್ತಿದ್ದ ಇಂಜಿನಿಯರನ ಹೆಸರು ಇಟ್ಟ. ಸತ್ಯಪ್ರಕಾಶ ಎಂಬ ಹೆಸರಿನವನನ್ನು ಯಾರಾದರೂ 'ಲೇ' ಎಂದು ಕರೆದದ್ದನ್ನು ಯಮನಪ್ಪ ಕಂಡಿರಲಿಲ್ಲ.

ಎರಡನೇ ದಿನ ಸಂಜೆ ಸತ್ಯಪ್ರಕಾಶ ಕೈಗಳನ್ನು ಜೇಬಿನಲ್ಲಿಟ್ಟುಕೊಂಡೇ ಮನೆಗೆ ಬಂದ. ಊಟಕ್ಕೆ ಕೂತಾಗ ತುತ್ತು ಹಿಡಿಯಲಾಗಲಿಲ್ಲ. ಬೊಕ್ಕೆ ಒಡೆದು ರಸ ಸೋರುತ್ತಿತ್ತು. ಅಪ್ಪ ಅವನ ಕೈ ಎಳೆದುಕೊಂಡ. ಕೊಬ್ಬರಿ ಎಣ್ಣೆ ಹಚ್ಚಲು ಬಗ್ಗಿದವನು ಹಾಗೇ ನಿಂತ. ಮೂಗು ಹತ್ತಿರ ತಂದು ಮೂಸಿದ. ತೊಗಲಿನ ವಾಸನೆ. ಐವತ್ತು ವರ್ಷದ ಮೇಲೆ ಅದು ಅವನ ಮನೆಗೆ ಬಂದಿತ್ತು, ಮಗನ ಅಂಗೈಯಲ್ಲಿ.

ಯಮನಪ್ಪ ಕೈ ಬಿಟ್ಟ. ಗಂಗಾಳ ಸರಿಸಿದ. ಗೋಡೆಯ ಕಡೆ ಮುಖ ಮಾಡಿ ಕೂತ.

ಮಗಳು ಮೇದಿನಿ ಐದನೇ ಕ್ಲಾಸು. ಗುಜರಾತಿಯಲ್ಲೇ ಮಾತು. ಅವಳು ಅಮ್ಮನ ಮೊಬೈಲು ಹಿಡಿದು ಮೆಲ್ಲಗೆ ಕೇಳಿದಳು. "ಪಪ್ಪಾ, ಕ್ಲಾಸಿನ ಗ್ರೂಪಿನಲ್ಲಿ ವೀಡಿಯೊ ಬಂದಿದೆ. ಇದು ನೀವೇನಾ?"

ಪದ್ಮಾ ಮೊಬೈಲು ಕಸಿದುಕೊಂಡಳು. "ಅಲ್ಲ" ಎಂದಳು. ಆಮೇಲೆ ಒಲೆಯ ಕಡೆ ತಿರುಗಿ, "ಮೂವತ್ತೊಂದನೇ ತಾರೀಖಿನ ತನಕ ಅಷ್ಟೇ ಅಲ್ಲೇನ್ರಿ?" ಎಂದಳು. ಶಾಲೆಯ ಫೀ ಇತ್ತು. ಅಪ್ಪನ ಔಷಧ ಇತ್ತು. ಅವನದೇ ಎರಡು ತಿಂಗಳ ಸಂಬಳ ಬಾಕಿ ಇತ್ತು. ಕೆಲಸ ಬಿಟ್ಟರೆ ಅದೂ ಹೋಗುತ್ತದೆ. ಎಲ್ಲಿ ತಿರುಗಿದರೂ ಗೋಡೆ, ಗೋಡೆಯ ಕಡೆ ಮುಖ ಮಾಡಿದ ಅಪ್ಪ.

ಮೂರನೇ ದಿನ ಬುಧವಾರ. ಅವತ್ತು ಶೇಷಾದ್ರಿಯೂ ಜೀಪಿನಲ್ಲಿ ಬಂದರು. ವರದಿಗೆ ಕಣ್ಣಾರೆ ನೋಡಬೇಕಿತ್ತು. ಪಟ್ಟಿ ಅವರನ್ನು ಕೆರೆಯ ಹಿಂದಿನ ಗಲ್ಲಿಗೆ ಒಯ್ದಿತು. ಪೌರಕಾರ್ಮಿಕರು ಇರುವ ಗಲ್ಲಿ. ಮೊದಲ ಬಾಗಿಲು ಮಣಿಬೆನ್‌ದು. ಬಾಕಿ ಸಾವಿರದ ಒಂಬೈನೂರು.

ಮಣಿಬೆನ್ ಬೆಳಗಿನ ಗುಡಿಸುವ ಪಾಳಿ ಮುಗಿಸಿ ಬಂದು ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದಳು. ನಗರಪಾಲಿಕೆಯ ಹಸಿರು ಕೋಟು ಇನ್ನೂ ಮೈಮೇಲೇ ಇತ್ತು. ಅವಳು ಜೀಪನ್ನು ನೋಡಿದಳು. ಡೋಲನ್ನು ನೋಡಿದಳು. ಆಮೇಲೆ ಮೊಬೈಲು ಎತ್ತಿ ಹಿಡಿದ ಜವಾನನನ್ನು ನೋಡಿದಳು. ಅವನು ಅವಳ ಮಗ.

"ಸ್ವಲ್ಪ ಎಡಕ್ಕೆ ಬಾ ರಾಕಾ" ಎಂದಳು. "ಅಲ್ಲಿಂದ ನನ್ನ ಮುಖ ಸರಿಯಾಗಿ ಬರೋಲ್ಲ."

ರಾಕೇಶ್ ಒಂದು ಹೆಜ್ಜೆ ಎಡಕ್ಕೆ ಸರಿದ. ಮೊಬೈಲು ಇಳಿಯಲಿಲ್ಲ.

ಪ್ರಮೋದ್‌ಭಾಯಿ ಧ್ವನಿವರ್ಧಕವನ್ನು ಕೆಳಗಿಟ್ಟು, "ಮಾಸಿ, ಇಷ್ಟೋ ಅಷ್ಟೋ ಕಟ್ಟಿಬಿಡಿ. ನಮಗೂ ಮುಜುಗರ" ಎಂದ.

"ನಾಲ್ಕು ತಿಂಗಳ ಸಂಬಳ ನಿಮ್ಮ ಹತ್ತಿರ ಇದೆ. ಅದರಲ್ಲಿ ಹಿಡ್ಕೊಂಡು ಮಿಕ್ಕಿದ್ದು ಕೊಡು."

"ಸಂಬಳದ ಖಾತೆ ಬೇರೆ, ತೆರಿಗೆ ಖಾತೆ ಬೇರೆ, ಮಾಸಿ."

"ಗುಡಿಸೋ ಕೈ ಒಂದೇ ಅಲ್ವಾ?"

ಗಲ್ಲಿಯ ಬಾಗಿಲುಗಳೆಲ್ಲ ತೆರೆದವು. ಅದೇ ಹಸಿರು ಕೋಟುಗಳು. ಜೀಪಿನೊಳಗಿಂದ ಶೇಷಾದ್ರಿ ಕನ್ನಡದಲ್ಲಿ ಹೇಳಿದರು. ಅಲ್ಲಿದ್ದವರಲ್ಲಿ ಅದು ತಿಳಿಯುವುದು ಒಬ್ಬನಿಗೇ.

"ಬಾರಿಸಯ್ಯಾ. ಬಿಸಿಲು."

ಸತ್ಯಪ್ರಕಾಶನ ಕೈ ಕೆಳಗೇ ಇತ್ತು. ಈ ಹೆಂಗಸಿನ ಹೊಸ್ತಿಲಲ್ಲಿ ತಾನು ಏನು ಬಾರಿಸುತ್ತೇನೆಂದು ಅವನಿಗೆ ಗೊತ್ತಿತ್ತು. ಎರಡು ಪೆಟ್ಟು, ಒಂದು ತಡೆ.

"ಬರಂಗಿಲ್ರಿ" ಎಂದ.

"ಮತ್ತೆ ಅದೇ ಶುರು ಮಾಡಿದ್ಯಾ? ವೀಡಿಯೊ ನೋಡಿದೀನಿ. ನಿನ್ನೆ ಚೆನ್ನಾಗಿ ಬಂತಲ್ಲ."

ಸತ್ಯಪ್ರಕಾಶ ಡೋಲಿನ ಪಟ್ಟಿಯನ್ನು ತಲೆಯ ಮೇಲಿಂದ ತೆಗೆದ. ಕತ್ತಿನಲ್ಲಿ ಕೆಂಪು ಗೆರೆ ಬಿದ್ದಿತ್ತು. ಡೋಲು ಎತ್ತಿಕೊಂಡು ಜೀಪಿನ ಹತ್ತಿರ ಹೋದ. ಹಿಂದಿನ ಸೀಟಿನಲ್ಲಿ ಶೇಷಾದ್ರಿಯವರ ಪಕ್ಕದಲ್ಲಿ ಅದನ್ನು ಇಟ್ಟ. ಅವರು ಬಟ್ಟೆ ತಾಗದ ಹಾಗೆ ಆಚೆ ಸರಿದರು.

"ಆವತ್ತ ನನಗ ಬರಂಗಿಲ್ಲ ಅಂದಿದ್ದೆ. ಅದು ಬ್ಯಾರೆ ಮಾತು" ಎಂದ ಸತ್ಯಪ್ರಕಾಶ. "ಈಗ ಹೇಳಾಕತ್ತಿದ್ದು ಕೇಳು. ನಾ ಬರಂಗಿಲ್ಲ."

'ನನಗ' ಹೋಗಿ 'ನಾ' ಆಗಿತ್ತು. ಕೊನೆಯ 'ರಿ'ಯನ್ನೂ ಬಿಟ್ಟಿದ್ದ. ಅದು ಶೇಷಾದ್ರಿಯವರಿಗೆ ಕೇಳಿಸಿತು. ಅವರು ಒಳ್ಳೆಯ ಕನ್ನಡ ಬಲ್ಲವರು.

ಅವನು ನಡೆದು ಹೋದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಲ್ಲಿಯ ತುದಿಯಲ್ಲಿ ತಿರುಗಿ ನೋಡಿದಾಗ ಪ್ಲಂಬರು ಮಣಿಬೆನ್‌ಳ ನಲ್ಲಿಯ ಮುಂದೆ ಬಗ್ಗಿದ್ದ.

ಮಾರನೇ ದಿನ ಅವನ ಕಂಪ್ಯೂಟರಿನ ಪಾಸ್‌ವರ್ಡು ಬದಲಾಗಿತ್ತು. ಎರಡು ತಿಂಗಳ ಸಂಬಳ ಕೇಳಿದ್ದಕ್ಕೆ, ಮನೆ ತೆರಿಗೆ ಬಾಕಿ ಇಲ್ಲ ಎಂಬ ಪ್ರಮಾಣಪತ್ರ ತಾ ಎಂದರು. ಅಪ್ಪನ ಹೆಸರಿನ ಆ ಎರಡು ಕೋಣೆಗೆ ಎರಡು ಸಾವಿರದ ನೂರ ನಲವತ್ತು ಬಾಕಿ ಇತ್ತು. ಸಂಬಳ ಬಂದರೆ ತೆರಿಗೆ ಕಟ್ಟಬಹುದು. ತೆರಿಗೆ ಕಟ್ಟಿದರೆ ಸಂಬಳ ಬರುತ್ತದೆ. ಪಟ್ಟಿಯಲ್ಲಿ ಅದು ಮುನ್ನೂರ ಹದಿನೆಂಟನೇ ಸಾಲು. ಫೆಬ್ರವರಿಯಲ್ಲಿ ಅದನ್ನು ತುಂಬಿದ್ದು ಅವನದೇ ಬೆರಳು. ಸಾಲು ಅಳಿಸಿಬಿಡಬಹುದಿತ್ತು. ಆಗ ಅದು ಅವನಿಗೆ ಹೊಳೆದಿರಲೇ ಇಲ್ಲ.

ಮೂವತ್ತೊಂದನೇ ತಾರೀಖು ಬೆಳಿಗ್ಗೆ ಮೇದಿನಿ ಶಾಲೆಗೆ ಹೊರಟಿದ್ದಳು. ಬಾಗಿಲು ತೆರೆದವಳು ಹಾಗೇ ಮುಚ್ಚಿದಳು. "ಪಪ್ಪಾ, ಬಂದಿದ್ದಾರೆ" ಎಂದಳು.

ಪದ್ಮಾ ನಲ್ಲಿ ತಿರುಗಿಸಿದಳು. ಕೊಡ ಇಟ್ಟಳು, ಬಕೆಟ್ಟು ಇಟ್ಟಳು, ಗಂಗಾಳ, ಕುಕ್ಕರು. ಕಡೆಗೆ ನಳಿನಿಯವರ ಸ್ಟೀಲ್ ಡಬ್ಬಿಯನ್ನೂ ಇಟ್ಟಳು.

ಸತ್ಯಪ್ರಕಾಶ ಹೊರಗೆ ಬಂದ. ಪ್ರಮೋದ್‌ಭಾಯಿ, ಪ್ಲಂಬರು, ಮೊಬೈಲು ಹಿಡಿದ ಒಬ್ಬ ಹೊಸಬ. ನಡುವೆ, ಕತ್ತಿಗೆ ಡೋಲು ತಗಲಿಸಿಕೊಂಡು ರಾಕೇಶ್. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆರು ವರ್ಷ ಒಂದೇ ಮೇಜಿನಲ್ಲಿ ಡಬ್ಬಿ ಬಿಚ್ಚಿದವರು. ರಾಕೇಶ್ ಕಾಯಂ ಜವಾನ. ಮೂರು ಮಕ್ಕಳು. ತಾಯಿಯ ನಲ್ಲಿ ಕಡಿದ ಮೇಲೆ ಮನೆಯಲ್ಲಿ ನೀರಿಲ್ಲ.

ಪ್ರಮೋದ್‌ಭಾಯಿ ಹೆಸರು ಕೂಗಿದ. "ಯಮನಪ್ಪ ಮಾದರ." ಆ ಎರಡನೇ ಹೆಸರು ತೆರಿಗೆಯ ಪಟ್ಟಿಯಲ್ಲಿ ಇರಲಿಲ್ಲ. ಯಾರೋ ಹೊಸದಾಗಿ ಸೇರಿಸಿದ್ದರು. "ಬಾಕಿದಾರ. ಬಾರಿಸು ರಾಕೇಶ್."

ಬೀದಿಯ ಜನ ನಿಂತರು. ರಾಕೇಶ್ ಕೋಲು ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು.

"ಬಾರಿಸೋ."

ರಾಕೇಶ್ ಕೋಲನ್ನು ನೋಡುತ್ತ, ಮೆಲ್ಲಗೆ, ಗುಜರಾತಿಯಲ್ಲಿ ಹೇಳಿದ. "ಮನೇ ನಥೀ ಆವಡ್ತುಂ, ಸಾಹೇಬ್."

ನನಗೆ ಬರುವುದಿಲ್ಲ.

"ಏನು ಬರೋಲ್ಲ? ನಿನ್ನ ನೌಕರಿ ಹೋಗುತ್ತೆ. ಬಾರಿಸು."

ರಾಕೇಶ್ ಕೋಲನ್ನು ಜೇಬಿನಲ್ಲಿ ಇಟ್ಟುಕೊಂಡ, ಕಾರ್ಖಾನೆಯ ಗೋಡೆಯ ಪಕ್ಕ ನಡೆಯುವಾಗ ಇಟ್ಟುಕೊಳ್ಳಬೇಕಾದ ಹಾಗೆ. ಡೋಲು ಕತ್ತಿನಲ್ಲೇ ಇತ್ತು. ಅದನ್ನು ತೆಗೆದು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಪ್ರಮೋದ್‌ಭಾಯಿ ಪ್ಲಂಬರಿಗೆ ಕೈ ಮಾಡಿದ. ಪ್ಲಂಬರು ಪೈಪಿನ ಮುಂದೆ ಕೂತು ಗರಗಸ ತೆಗೆದ.

ಸತ್ಯಪ್ರಕಾಶ ಒಳಗೆ ಬಂದ. ಡಬ್ಬಿ ಅರ್ಧ ತುಂಬಿತ್ತು. ನಲ್ಲಿಯ ಧಾರೆ ದಾರದಷ್ಟಾಯಿತು, ಹನಿಯಾಯಿತು, ನಿಂತಿತು. ಪದ್ಮಾ ನಲ್ಲಿಯ ಕೆಳಗೆ ಕೈ ಹಿಡಿದೇ ಇದ್ದಳು.

ಯಮನಪ್ಪ ಕಿಟಕಿಯಿಂದ ಡೋಲನ್ನು ಕಂಡಿದ್ದ. ಅವನು ಗೋಡೆಯ ಪಕ್ಕ ಕೂತು ಅಂಗೈಯನ್ನು ಅದರ ಮೇಲೆ ಚಪ್ಪಟೆಯಾಗಿ ಇಟ್ಟಿದ್ದ. ಕಣ್ಣು ಮುಚ್ಚಿದ್ದ. ಹಳಿ ಮುಟ್ಟಿ ಕೂತವನ ಹಾಗೆ ಕಾಯುತ್ತಿದ್ದ. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು ಮಗನ ಕಡೆ ನೋಡಿದ.

"ಏನೂ ಬರವಲ್ದಲ್ಲೋ" ಎಂದ.

ಸತ್ಯಪ್ರಕಾಶ ಅಪ್ಪನ ಮುಂದೆ ಕೂತ. ತುಟಿ ಕಾಣುವ ಹಾಗೆ, ನಿಧಾನವಾಗಿ ಹೇಳಿದ.

"ಬರಂಗಿಲ್ಲ ಯಪ್ಪಾ."